ಒಂಬತ್ತು ಕಲಾವಿದರು, ಒಂದೇ ಗ್ಯಾಲರಿ: ಯಾವ ಕೃತಿ ಇರಲಿ, ಯಾವುದು ಬೇಡ?

ಪ್ರಶ್ನೆ: ನಾವು ಹುಬ್ಬಳ್ಳಿ, ಧಾರವಾಡ, ಗದಗ ಕಡೆಯ ಒಂಬತ್ತು ಜನ ಕಲಾವಿದರು. ಒಟ್ಟಿಗೆ ಕಲಾಶಾಲೆಯಲ್ಲಿ ಓದಿದವರು. ಇನ್ನು ಮೂರು ತಿಂಗಳಿಗೆ ಬೆಂಗಳೂರಿನಲ್ಲಿ ಗ್ರೂಪ್ ಶೋ ಮಾಡಲು ಗ್ಯಾಲರಿ ಬುಕ್ ಮಾಡಿದ್ದೇವೆ. ಬಾಡಿಗೆಯನ್ನು ಸಮನಾಗಿ ಹಂಚಿಕೊಂಡಿದ್ದೇವೆ. ಕೃತಿಗಳ ಆಯ್ಕೆ ಶುರುವಾದ ಮೇಲೆ ಜಗಳವೂ ಶುರುವಾಗಿದೆ. ಒಬ್ಬೊಬ್ಬರಿಗೆ ಐದು ಎಂದು ಮಾತಾಗಿತ್ತು. ಒಬ್ಬರು ಎಂಟು ಇಡಲೇಬೇಕು ಅನ್ನುತ್ತಿದ್ದಾರೆ. ಹೆಚ್ಚಿನವರದು ಅಮೂರ್ತ ಚಿತ್ರ, ಒಬ್ಬ ಗೆಳತಿಯದು ಮೈಸೂರು ಶೈಲಿ (ಅವರು ಒಬ್ಬರೇ ಬೇರೆ ಆಗಿಬಿಡುತ್ತಾರೆ), ಒಬ್ಬರು ಶಿಲ್ಪಿ. ಆಯ್ಕೆ ಯಾರು ಮಾಡಬೇಕು? ಥೀಮ್ ಬೇಕಾ? ನಮ್ಮ ಗುರುಗಳ ಕೃತಿ ಸೇರಿಸಬಹುದಾ? ಗೆಳೆಯರಿಗೆ ‘ಇದು ಬೇಡ’ ಅಂತ ಹೇಗೆ ಹೇಳುವುದು?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲವೂ ಇದೆ, ಗೋಡೆಯ ಅಳತೆ ಒಂದು ಬಿಟ್ಟು. ಯಾರು ಎಷ್ಟು ದುಡ್ಡು ಕೊಟ್ಟರು, ಯಾರಿಗೆ ಯಾರ ಮೇಲೆ ಸಿಟ್ಟು, ಎಲ್ಲ ಬರೆದಿದ್ದೀರಿ. ಗ್ಯಾಲರಿಯಲ್ಲಿ ಎಷ್ಟು ಅಡಿ ಗೋಡೆ ಸಿಗುತ್ತದೆ ಅನ್ನುವುದು ಮಾತ್ರ ಇಲ್ಲ. ನಿಮ್ಮ ಜಗಳದ ಮುಕ್ಕಾಲು ಪಾಲು ಅಲ್ಲೇ ಕೂತಿದೆ.

ಆದ್ದರಿಂದ ಮೊದಲ ಕೆಲಸ, ಒಬ್ಬರು ಬೆಂಗಳೂರಿಗೆ ಹೋಗಿ ಟೇಪ್ ಹಿಡಿದು ಅಳೆದು ಬರಲಿ. ಗ್ಯಾಲರಿಯವರು ಫೋನಿನಲ್ಲಿ ಹೇಳುವ ಚದರ ಅಡಿ ಲೆಕ್ಕ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ನಿಮಗೆ ಬೇಕಾದದ್ದು ರನ್ನಿಂಗ್ ಫೀಟ್, ಅಂದರೆ ಗೋಡೆಯ ಉದ್ದ. ಬಾಗಿಲು ಎಲ್ಲಿ, ಸ್ವಿಚ್ ಬೋರ್ಡ್ ಎಲ್ಲಿ, ಎ.ಸಿ. ಎಲ್ಲಿ, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಎಲ್ಲಿ ನೇತಾಡುತ್ತಿದೆ, ಎಲ್ಲವೂ ನಕ್ಷೆಯಲ್ಲಿ ಬರಲಿ. ಮೊಳೆ ಹೊಡೆಯಲು ಬಿಡುತ್ತಾರಾ ಅಥವಾ ಮೇಲಿನ ರೇಲಿನಿಂದ ದಾರದಲ್ಲಿ ಇಳಿಬಿಡಬೇಕಾ ಕೇಳಿ. ಲೈಟುಗಳನ್ನು ಸರಿಸಬಹುದಾ ಅಂತಲೂ ಕೇಳಿ.

ಈಗ ಲೆಕ್ಕ ಹಾಕೋಣ. ಗೋಡೆಗಳ ಒಟ್ಟು ಉದ್ದ 130 ಅಡಿ ಅಂದುಕೊಳ್ಳಿ. ಬಾಗಿಲು, ಮೂಲೆ, ಸ್ವಿಚ್ ಬೋರ್ಡ್ ಅಂತ 20 ಅಡಿ ಹೋಯಿತು. ಪ್ರವೇಶದಲ್ಲಿ ಪರಿಚಯದ ಬರಹಕ್ಕೆ 5 ಅಡಿ. ಉಳಿದದ್ದು 105. ಶಿಲ್ಪಿಗೆ ನೆಲದ ಜಾಗ ಬೇಕು, ಅದು ಬೇರೆ ಲೆಕ್ಕ. ಉಳಿದ ಎಂಟು ಜನಕ್ಕೆ ತಲಾ 11 ಅಡಿಯಂತೆ 88 ಅಡಿ. ಇನ್ನೂ 17 ಅಡಿ ಮಿಕ್ಕಿತು. ಅದನ್ನು ಯಾರಿಗೂ ಹಂಚಬೇಡಿ. ಅದು ಆಯ್ಕೆ ಮಾಡುವವರ ಕೈಯಲ್ಲಿ ಇರಲಿ.

ನಾನು ಗ್ರೂಪ್ ಶೋಗಳಿಗೆ ಕೊಡುವ ಮುಖ್ಯ ಸಲಹೆ ಇದೇ: ಸಂಖ್ಯೆ ಹಂಚಬೇಡಿ, ಅಡಿ ಹಂಚಿ. ತಲಾ ಐದು ಅಂದ ತಕ್ಷಣ ಆರಡಿ ಕ್ಯಾನ್ವಾಸ್ ಮಾಡುವವರು ಐದು ತರುತ್ತಾರೆ, ಒಂದಡಿ ಎಚ್ಚಿಂಗ್ (ಲೋಹದ ತಗಡಿನಿಂದ ಅಚ್ಚು ತೆಗೆಯುವ ಚಿತ್ರ) ಮಾಡುವವರೂ ಐದು ತರುತ್ತಾರೆ. ಕಾಗದದ ಮೇಲೆ ಸಮ, ಗೋಡೆಯ ಮೇಲೆ ಒಬ್ಬರಿಗೆ 30 ಅಡಿ, ಇನ್ನೊಬ್ಬರಿಗೆ 5. ಇದು ಯಾವ ನ್ಯಾಯ? 11 ಅಡಿ ಅಂದರೆ ತಕರಾರು ತಾನಾಗಿಯೇ ತಣ್ಣಗಾಗುತ್ತದೆ. ಒಂದು ಆರಡಿ ಚಿತ್ರ ಇಟ್ಟು ಸುತ್ತ ಖಾಲಿ ಬಿಡುವುದು ಅವರಿಷ್ಟ. ನಿಮ್ಮ ಗೆಳೆಯರು ಎಂಟು ಇಡಲೇಬೇಕು ಅಂದರೆ ಇಡಲಿ ಬಿಡಿ. 10 ಇಂಚು ಅಗಲದ ಎಂಟು ಕೃತಿ, ನಡುವೆ ಆರಾರು ಇಂಚು ಅಂತರ, ಒಟ್ಟು 10 ಅಡಿ 2 ಇಂಚು. ಅವರ ಪಾಲಿನೊಳಗೇ ಕೂರುತ್ತದೆ. ಎಂಟೂ ಮೂರಡಿಯವು ಆಗಿದ್ದರೆ ಏನು ಬಿಡಬೇಕು ಅಂತ ಟೇಪೇ ಹೇಳುತ್ತದೆ, ನೀವು ಕೆಟ್ಟವರಾಗಬೇಕಾಗಿಲ್ಲ.

ಅಂತರದ ವಿಷಯದಲ್ಲಿ ಜಿಪುಣತನ ಬೇಡ. 22 ಅಡಿಯ ಒಂದು ಗೋಡೆ ತೆಗೆದುಕೊಳ್ಳಿ. ಅದರ ಮೇಲೆ 5, 3, 3 ಮತ್ತು 2 ಅಡಿ ಅಗಲದ ನಾಲ್ಕು ಚಿತ್ರ. ನಡುವೆ ಒಂದೂವರೆ ಅಡಿ ಅಂತರ ಬಿಟ್ಟರೆ ಎರಡು ತುದಿಗಳಲ್ಲಿ ತಲಾ ಎರಡೂಕಾಲು ಅಡಿ ಉಳಿಯುತ್ತದೆ. ಚೆನ್ನಾಗಿ ಕಾಣುತ್ತದೆ. ಆಗ ಯಾರಾದರೂ ಬಂದು ‘ಇನ್ನೊಂದು ಎರಡಡಿದು ಹಿಡಿಸುತ್ತೆ ಕಣೋ’ ಅಂತಾರೆ. ಹಿಡಿಸುತ್ತದೆ, ನಿಜ. ಆದರೆ ಎಲ್ಲ ಅಂತರವೂ, ತುದಿಗಳೂ ಸೇರಿ, 14 ಇಂಚಿಗೆ ಇಳಿಯುತ್ತವೆ. ಅಷ್ಟು ಹತ್ತಿರ ಬಂದಾಗ ನೋಡುವವರ ಕಣ್ಣು ಒಂದು ಚಿತ್ರದಲ್ಲಿ ನಿಲ್ಲುವ ಮೊದಲೇ ಪಕ್ಕದ್ದಕ್ಕೆ ಜಾರುತ್ತದೆ. ಎತ್ತರಕ್ಕೆ ಒಂದು ನಿಯಮ ಸಾಕು: ನೆಲದಿಂದ ಚಿತ್ರದ ನಟ್ಟನಡುವಿಗೆ 58ರಿಂದ 60 ಇಂಚು. ಚಿಕ್ಕದು ದೊಡ್ಡದು ಎಲ್ಲಕ್ಕೂ ಅದೇ ನಡುಗೆರೆ.

ಇನ್ನು ಆಯ್ಕೆ ಯಾರು ಮಾಡಬೇಕು ಅನ್ನುವುದು.

ಒಂಬತ್ತು ಜನ ಕೂತು ಕೈ ಎತ್ತುವ ಪದ್ಧತಿ ದಯವಿಟ್ಟು ಬೇಡ. ಕೈ ಎತ್ತಿಸಿದರೆ ಯಾರಿಗೂ ಬೇಜಾರಾಗದ ಕೃತಿ ಗೆಲ್ಲುತ್ತದೆ. ನಾಲ್ಕು ಜನ ಬಹಳ ಮೆಚ್ಚಿ ಐದು ಜನ ಮುಖ ಸಿಂಡರಿಸುವ ಚಿತ್ರ ಸೋಲುತ್ತದೆ. ಎಷ್ಟೋ ಸಲ ಆ ಸೋತ ಚಿತ್ರವೇ ಇಡೀ ಶೋ ಎತ್ತಿ ಹಿಡಿಯುವಂಥದ್ದು. ಮೂರು ಜನರ ಒಂದು ಸಣ್ಣ ತಂಡ ಮಾಡಿ. ನಿಮ್ಮಲ್ಲಿ ಇಬ್ಬರು, ಹೊರಗಿನವರು ಒಬ್ಬರು. ಹೊರಗಿನವರು ಈ ಶೋನಲ್ಲಿ ಕೃತಿ ಇಡದವರು ಆಗಿರಬೇಕು. ದೊಡ್ಡ ಹೆಸರಿನ ಕ್ಯುರೇಟರ್ ಬೇಕಾಗಿಲ್ಲ. ಚಿತ್ರ ನೋಡುವ ಅಭ್ಯಾಸ ಇರುವ, ನಿಮ್ಮ ಯಾರ ಜೊತೆಯೂ ಹಳೆಯ ಲೆಕ್ಕ ಇಲ್ಲದ ಒಬ್ಬ ಮೇಷ್ಟ್ರೋ, ಕಲಾವಿದೆಯೋ ಸಾಕು. ಎಲ್ಲರೂ ಒಂದು ಮಾತು ಒಪ್ಪಿಕೊಳ್ಳಿ: ಪ್ರತಿ ಕಲಾವಿದರೂ ತಮಗೆ ಇರಲೇಬೇಕು ಅನ್ನಿಸುವ ಒಂದು ಕೃತಿ ಹೇಳಬಹುದು, ಅದನ್ನು ತಂಡ ಮುಟ್ಟುವಂತಿಲ್ಲ. ಉಳಿದದ್ದೆಲ್ಲ ತಂಡದ ಮಾತು. ಒಂದು ಕೃತಿ ತಮ್ಮ ಕೈಯಲ್ಲಿದೆ ಅಂತ ಗೊತ್ತಾದರೆ ಉಳಿದವುಗಳ ಬಗ್ಗೆ ಜನ ಆಶ್ಚರ್ಯವಾಗುವಷ್ಟು ಧಾರಾಳವಾಗುತ್ತಾರೆ.

‘ಆಯ್ಕೆಯೇ ಬೇಡ, ಎಲ್ಲರದ್ದೂ ಎಲ್ಲವನ್ನೂ ಹಾಕಿಬಿಡೋಣ’ ಅನ್ನುವವರೂ ನಿಮ್ಮಲ್ಲಿ ಒಬ್ಬರು ಇದ್ದೇ ಇರುತ್ತಾರೆ. ಅದನ್ನು 1917ರಲ್ಲೇ ನ್ಯೂಯಾರ್ಕಿನಲ್ಲಿ ಮಾಡಿ ನೋಡಿದ್ದಾರೆ. ಸೊಸೈಟಿ ಆಫ್ ಇಂಡಿಪೆಂಡೆಂಟ್ ಆರ್ಟಿಸ್ಟ್ಸ್ ಎಂಬ ಸಂಘ 6 ಡಾಲರ್ ಕೊಟ್ಟವರ ಕೃತಿಗಳನ್ನೆಲ್ಲ ಇಡುತ್ತೇವೆ, ತೀರ್ಪುಗಾರರು ಇಲ್ಲ, ಬಹುಮಾನ ಇಲ್ಲ ಅಂತ ಘೋಷಿಸಿತು. ಎರಡು ಸಾವಿರಕ್ಕೂ ಹೆಚ್ಚು ಕೃತಿಗಳು ಬಂದವು. ಯಾರಿಗೂ ಪಕ್ಷಪಾತ ಆಗಬಾರದು ಅಂತ ಹೆಸರಿನ ಅಕ್ಷರದ ಕ್ರಮದಲ್ಲಿ ಇಟ್ಟರು, ಯಾವ ಅಕ್ಷರದಿಂದ ಶುರು ಅನ್ನುವುದಕ್ಕೂ ಚೀಟಿ ಎತ್ತಿದರು. ಇಷ್ಟೆಲ್ಲ ಆದ ಮೇಲೆ ಫ್ರೆಂಚ್ ಕಲಾವಿದ ಮಾರ್ಸೆಲ್ ದ್ಯೂಷಾಂ ‘ಆರ್. ಮಟ್’ ಅನ್ನುವ ಹೆಸರಿನಲ್ಲಿ ಒಂದು ಪಿಂಗಾಣಿ ಮೂತ್ರಪಾತ್ರೆ ಕಳಿಸಿದರು. ಆಯ್ಕೆಯೇ ಇಲ್ಲ ಅಂದ ಸಂಘದ ಆಡಳಿತ ಮಂಡಳಿ ಅದನ್ನು ಮಾತ್ರ ಇಡಲಿಲ್ಲ. ದ್ಯೂಷಾಂ ಆ ಮಂಡಳಿಯಲ್ಲೇ ಇದ್ದವರು, ರಾಜೀನಾಮೆ ಕೊಟ್ಟು ಹೊರಬಂದರು. ಅಂದರೆ ಆಯ್ಕೆ ಹೇಗೂ ನಡೆಯುತ್ತದೆ. ಮೊದಲೇ ಎಲ್ಲರಿಗೂ ಗೊತ್ತಿರುವ ನಿಯಮದಲ್ಲಿ ನಡೆಯುವುದು ವಾಸಿ, ಅಲ್ವಾ?

ಆಯ್ಕೆಗೆ ಪ್ರತಿಯೊಬ್ಬರಿಂದ ಬೇಕಾದದ್ದಕ್ಕಿಂತ ಎರಡು ಪಟ್ಟು ಕೃತಿ ಕೇಳಿ. ಸಾಧ್ಯವಾದರೆ ತಂಡ ಎಲ್ಲರ ಮನೆಗೂ ಹೋಗಿ ನೋಡಲಿ. ಹುಬ್ಬಳ್ಳಿ, ಧಾರವಾಡ, ಗದಗ ಅಂದರೆ ದೂರವೇನಲ್ಲ, ಒಂದು ಶನಿವಾರ ಭಾನುವಾರದಲ್ಲಿ ಮುಗಿಯುತ್ತದೆ. ಹೋದರೆ ಇನ್ನೊಂದು ಲಾಭ ಇದೆ. ಕಲಾವಿದರು ತೋರಿಸುವ ಚಿತ್ರಕ್ಕಿಂತ ಗೋಡೆಗೆ ಮುಖ ಮಾಡಿ ಒರಗಿಸಿಟ್ಟ ಚಿತ್ರ ಎಷ್ಟೋ ಸಲ ಚೆನ್ನಾಗಿರುತ್ತದೆ. ಅವರು ಅದನ್ನು ಪಟ್ಟಿಯಲ್ಲೇ ಹಾಕಿರುವುದಿಲ್ಲ. ಹಿಂದೆ ಇರೋದನ್ನೂ ತೋರಿಸಿ ಅಂತ ಸಂಕೋಚ ಇಲ್ಲದೆ ಕೇಳಿ.

ಫೋಟೊ ನೋಡಿಯೇ ಆರಿಸುವ ಪರಿಸ್ಥಿತಿ ಬಂದರೆ ಒಂದು ಎಚ್ಚರ ಇರಲಿ. ಮೊಬೈಲ್ ಪರದೆಯ ಮೇಲೆ ಆರಡಿ ಕ್ಯಾನ್ವಾಸೂ ಆರಿಂಚಿನ ಎಚ್ಚಿಂಗೂ ಒಂದೇ ಅಳತೆ. ಹೊಳೆಯುವ ಬಣ್ಣದ್ದು ಗೆಲ್ಲುತ್ತದೆ, ಪೆನ್ಸಿಲಿನ ನಯವಾದ ಕೆಲಸ ಬೂದು ಮಸಿಯಾಗಿ ಕಾಣುತ್ತದೆ. ಅದಕ್ಕೇ ಪ್ರತಿ ಕೃತಿಗೂ ಮೂರು ಫೋಟೊ ಕೇಳಿ: ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರವಾಗಿ ತೆಗೆದ ಪೂರ್ತಿ ಚಿತ್ರ, ಹತ್ತಿರದಿಂದ ಒಂದು ಭಾಗ, ಮತ್ತೆ ಪಕ್ಕದಲ್ಲಿ ಒಂದು ಕುರ್ಚಿ ಇಟ್ಟು ಒಂದು. ಕುರ್ಚಿ ಇದ್ದರೆ ಗಾತ್ರ ತಟ್ಟನೆ ಗೊತ್ತಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಫೋಟೊ ಆಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲಿ. ಜೊತೆಗೆ ಹೆಸರು, ವರ್ಷ, ಮಾಧ್ಯಮ, ಫ್ರೇಮ್ ಸೇರಿಸಿದ ಅಳತೆ, ಬೆಲೆ. ಫ್ರೇಮ್ ಸೇರಿಸಿದ ಅಳತೆ ಅಂತ ಒತ್ತಿ ಹೇಳಿ. 15 ಇಂಚಿನ ಜಲವರ್ಣಕ್ಕೆ ಮೌಂಟ್, ಫ್ರೇಮ್ ಆದ ಮೇಲೆ 23 ಇಂಚು ಆಗುವುದು ಸಾಮಾನ್ಯ.

ಮೊದಲ ಸುತ್ತಿನಲ್ಲಿ ಮೂರು ಗುಂಪು ಮಾಡಿ: ಇರಲಿ, ಬೇಡ, ನೋಡೋಣ. ಲಂಡನ್ನಿನ ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆ 1769ರಿಂದ ಪ್ರತಿವರ್ಷ ನಡೆಸುವ ಬೇಸಿಗೆ ಪ್ರದರ್ಶನದ ಆಯ್ಕೆಯಲ್ಲೂ ಇಂಥದ್ದೇ ಒಂದು ‘ನೋಡೋಣ’ ಇದೆ. ತಿರಸ್ಕರಿಸಿದ್ದಕ್ಕೆ ಎಕ್ಸ್ ಗುರುತು, ಅನುಮಾನ ಇದ್ದದ್ದಕ್ಕೆ ಡಿ ಗುರುತು. ಡಿ ಬಿದ್ದದ್ದೆಲ್ಲ ಗೋಡೆಗೆ ಬರುವುದಿಲ್ಲ. ಗೋಡೆ ಜೋಡಿಸುವಾಗ ಯಾವುದಕ್ಕೆ ಯಾವುದು ಹೊಂದುತ್ತದೆ ನೋಡಿ ತೆಗೆದುಕೊಳ್ಳುತ್ತಾರೆ. ನನ್ನ ಅನುಭವದಲ್ಲೂ ಒಳ್ಳೆಯ ಗ್ರೂಪ್ ಶೋ ತಯಾರಾಗುವುದು ಈ ಮೂರನೇ ಗುಂಪಿನಿಂದಲೇ. ‘ಇರಲಿ’ ಗುಂಪಿನಲ್ಲಿ ಇರುವುದೆಲ್ಲ ಜೋರು ಚಿತ್ರಗಳು. ಅಷ್ಟನ್ನೇ ಸಾಲಾಗಿ ಇಟ್ಟರೆ ಎಲ್ಲರೂ ಒಟ್ಟಿಗೆ ಮೈಕ್ ಹಿಡಿದ ಹಾಗೆ. ನಡುವೆ ಮೆತ್ತಗೆ ಮಾತಾಡುವ ಕೃತಿ ಬೇಕು. ಆ 17 ಅಡಿ ಉಳಿಸಿಕೊಳ್ಳಿ ಅಂದದ್ದು ಇದಕ್ಕೇ.

ಜೋಡಣೆ ಹೇಗೆ ನೋಡುವುದು? ತಂಡದವರು ಥರ್ಮೋಕೋಲ್ ಹಾಳೆಯಲ್ಲಿ ಗ್ಯಾಲರಿಯ ಗೋಡೆಗಳನ್ನು ಮಾಡಿಕೊಳ್ಳಿ, ಒಂದು ಅಡಿಗೆ ಒಂದು ಇಂಚು. 4 ಅಡಿಗೆ 3 ಅಡಿಯ ಚಿತ್ರವನ್ನು 4 ಇಂಚಿಗೆ 3 ಇಂಚಾಗಿ ಪ್ರಿಂಟ್ ತೆಗೆದು ಗುಂಡುಪಿನ್ನಿನಿಂದ ಚುಚ್ಚಿ. ಮೊದಲು ಬಾಗಿಲಲ್ಲಿ ನಿಂತಾಗ ಎದುರಿಗೆ ಕಾಣುವ ಗೋಡೆ. ಅಲ್ಲಿಗೆ ಒಂದು ಕೃತಿ ಆರಿಸಿ, ಆಮೇಲೆ ಪ್ರತಿ ಗೋಡೆಗೂ ಒಂದೊಂದು ಮುಖ್ಯ ಕೃತಿ. ಉಳಿದವು ಅವುಗಳಿಗೆ ಪಕ್ಕದವರಾಗಿ ಬರುತ್ತವೆ. ಇನ್ನೊಂದು ಸಣ್ಣ ವಿಷಯ, ಯಾರೂ ಹೇಳುವುದಿಲ್ಲ: ಉದ್ಘಾಟನೆಯ ದೀಪದ ಕಂಬ ಎಲ್ಲಿ ಇಡುತ್ತೀರಿ ಮೊದಲೇ ಗೊತ್ತು ಮಾಡಿಕೊಳ್ಳಿ. ಗಣ್ಯರು, ಹಾರ, ಫೋಟೊಗ್ರಾಫರ್ ಎಲ್ಲ ನಿಲ್ಲುವುದು ಅಲ್ಲೇ. ಉದ್ಘಾಟನೆಯ ದಿನ ಬರುವಷ್ಟು ಜನ ಮತ್ತೆ ಬರುವುದಿಲ್ಲ, ಆ ಹಿಂದಿನ ಗೋಡೆ ಅವತ್ತು ಕಾಣುವುದೂ ಇಲ್ಲ.

ಪಕ್ಕ ಪಕ್ಕ ಇಡುವ ಕೃತಿಗಳ ಗಲಾಟೆ ಎಂಥದ್ದು ಅಂತ ತಿಳಿಯಬೇಕಾದರೆ ನಮ್ಮ ಇಬ್ಬರು ದೊಡ್ಡ ಕಲಾವಿದರನ್ನು ಮನಸ್ಸಿನಲ್ಲೇ ಒಂದು ಗೋಡೆಗೆ ಹಾಕಿ ನೋಡಿ. ಕೆ. ವೆಂಕಟಪ್ಪ ಅವರ ಊಟಿ, ಕೊಡೈಕೆನಾಲ್ ಜಲವರ್ಣಗಳು. ಮಂಜು, ಬೆಟ್ಟ, ನೀರು. ಹತ್ತಿರ ಹೋಗಿ ಉಸಿರು ಬಿಗಿಹಿಡಿದು ನೋಡಬೇಕು. ಇನ್ನೊಂದು ಕಡೆ ರುಮಾಲೆ ಚನ್ನಬಸವಯ್ಯ ಅವರ ಬೆಂಗಳೂರಿನ ಹೂಮರಗಳು. ಕೆಂಪು, ಹಳದಿ ಉಕ್ಕಿ ಬರುತ್ತವೆ. ಅವುಗಳಿಗೆ ನಾಲ್ಕು ಹೆಜ್ಜೆ ಹಿಂದೆ ನಿಲ್ಲಬೇಕು. ಎರಡನ್ನೂ ಒಂದೂವರೆ ಅಡಿ ಅಂತರದಲ್ಲಿ ಇಟ್ಟರೆ ಜನ ರುಮಾಲೆಯವರನ್ನು ನೋಡಲು ಹಿಂದೆ ಸರಿಯುತ್ತಾರೆ, ವೆಂಕಟಪ್ಪನವರ ಚಿತ್ರ ಬರೀ ಒಂದು ಬೂದು ಚೌಕವಾಗುತ್ತದೆ. ಯಾರ ಚಿತ್ರ ಮೇಲು ಅನ್ನುವ ಪ್ರಶ್ನೆಯೇ ಇಲ್ಲಿಲ್ಲ. ನಿಲ್ಲುವ ದೂರ ಬೇರೆ, ಅಷ್ಟೇ. ಹಾಗಾಗಿ ಒಂದು ಗೋಡೆಗೆ ಹೆಚ್ಚುಕಡಿಮೆ ಒಂದೇ ದೂರದಿಂದ ನೋಡುವ ಕೃತಿಗಳನ್ನು ಆರಿಸಿ. ಬಣ್ಣ ಹೊಂದಿಸುವುದಕ್ಕಿಂತ ಇದು ಮುಖ್ಯ. ಸೋಫಾ ಕವರಿಗೆ ಪರದೆ ಹೊಂದಿಸುವ ಕೆಲಸ ಗ್ಯಾಲರಿಯಲ್ಲಿ ಬೇಡ.

ನಿಮ್ಮ ಮೈಸೂರು ಶೈಲಿಯ ಗೆಳತಿಯ ವಿಷಯಕ್ಕೆ ಬರೋಣ. ನೀವು ‘ಅವರು ಒಬ್ಬರೇ ಬೇರೆ ಆಗಿಬಿಡುತ್ತಾರೆ’ ಅಂತ ಬರೆದಿದ್ದೀರಿ. ನಿಮ್ಮ ಭಯ ಅರ್ಥವಾಗುತ್ತದೆ, ಆದರೆ ಅವರನ್ನು ಮೂಲೆಗೆ ತಳ್ಳಬೇಡಿ. ಮೈಸೂರು ಶೈಲಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಗೆಸ್ಸೊ ಎಂಬ ಲೇಪದ ಉಬ್ಬು ಮತ್ತು ಚಿನ್ನದ ಹಾಳೆ. ಅದರ ಕೆಳಗಿರುವ ಜೀವ ರೇಖೆ. ಹುಬ್ಬು, ಬೆರಳು, ಸೀರೆಯ ಅಂಚು ಎಷ್ಟು ನಯವಾಗಿ ಎಳೆದಿರುತ್ತಾರೆ ನೋಡಿ. ಅವರ ಕೃತಿಗಳಲ್ಲಿ ಚಿನ್ನ ಕಡಿಮೆ, ರೇಖೆ ಜಾಸ್ತಿ ಇರುವಂಥದ್ದನ್ನು ಆರಿಸಿ. ಬಣ್ಣ ತುಂಬುವ ಮೊದಲಿನ ರೇಖಾಚಿತ್ರ ಇಟ್ಟುಕೊಂಡಿದ್ದಾರಾ ಕೇಳಿ. ಇದ್ದರೆ ಅದನ್ನೂ ಮುಗಿದ ಚಿತ್ರವನ್ನೂ ಜೋಡಿಯಾಗಿ ಇಡಿ. ನಿಮ್ಮ ಅಮೂರ್ತ ಚಿತ್ರಕಾರರಲ್ಲಿ ರೇಖೆಯ ಕೆಲಸ ಮಾಡುವವರು ಒಬ್ಬರಾದರೂ ಇರುತ್ತಾರೆ, ಅವರನ್ನೇ ಪಕ್ಕಕ್ಕೆ ಹಾಕಿ. ಚಿನ್ನದ ಮೇಲೆ ನೇರ ಸ್ಪಾಟ್‌ಲೈಟ್ ಬಿದ್ದರೆ ಪಳಪಳ ಹೊಳೆದು ಮುಖವೇ ಕಾಣುವುದಿಲ್ಲ, ಬೆಳಕು ಓರೆಯಾಗಿ ಬರಲಿ. ಕಿಟಕಿಯ ಎದುರು ಗಾಜಿನ ಫ್ರೇಮ್ ಇಡಲೇಬೇಡಿ. ನೋಡುವವರಿಗೆ ಅವರ ಮುಖವೇ ಕಾಣುತ್ತದೆ.

ಶಿಲ್ಪಿಗೆ ಅಡಿಯ ಬದಲು ಜಾಗ ಗೊತ್ತು ಮಾಡಿ. ಪ್ರತಿ ಶಿಲ್ಪದ ಸುತ್ತ ಕನಿಷ್ಠ ಮೂರು ಅಡಿ ಬೇಕು. ದೊಡ್ಡ ಚಿತ್ರದ ಎದುರಿಗೆ ಮಾತ್ರ ಇಡಬೇಡಿ. ಚಿತ್ರ ನೋಡಲು ಹಿಂದೆ ಹಿಂದೆ ಹೋಗುವವರು ತಿರುಗಿ ನೋಡುವುದಿಲ್ಲ.

ಥೀಮ್ ಬೇಕಾ ಅಂದರೆ, ಈಗಲೇ ಬೇಡ ಅನ್ನುತ್ತೇನೆ. ಮೂರು ತಿಂಗಳಿನಲ್ಲಿ ಥೀಮ್ ಕೊಟ್ಟರೆ ಎಲ್ಲರೂ ಅವಸರದಲ್ಲಿ ಅದಕ್ಕೆ ತಕ್ಕ ಚಿತ್ರ ಬರೆಯುತ್ತಾರೆ, ಅವು ಅವರ ಅತಿ ದುರ್ಬಲ ಕೆಲಸ ಆಗಿರುತ್ತವೆ. 1963ರಲ್ಲಿ ದೆಹಲಿಯ ರವೀಂದ್ರ ಭವನದಲ್ಲಿ ‘ಗ್ರೂಪ್ 1890’ ಅಂತ ಹನ್ನೆರಡು ಜನರ ಪ್ರದರ್ಶನ ನಡೆಯಿತು. ಜೆ. ಸ್ವಾಮಿನಾಥನ್, ಜೇರಾಮ್ ಪಟೇಲ್, ಗುಲಾಮ್ ಮೊಹಮ್ಮದ್ ಶೇಖ್, ಹಿಮ್ಮತ್ ಶಾ, ಜ್ಯೋತಿ ಭಟ್ ಎಲ್ಲ ಇದ್ದರು. ಉದ್ಘಾಟನೆ ಮಾಡಿದ್ದು ನೆಹರೂ, ಕ್ಯಾಟಲಾಗಿಗೆ ಬರೆದದ್ದು ಆಗ ಮೆಕ್ಸಿಕೋ ರಾಯಭಾರಿಯಾಗಿದ್ದ ಕವಿ ಒಕ್ಟಾವಿಯೊ ಪಾಜ್. ಹೆಸರು ಬಂದದ್ದು ಯಾವ ಗಂಭೀರ ವಿಚಾರದಿಂದಲೂ ಅಲ್ಲ, ಹಿಂದಿನ ವರ್ಷ ಭಾವನಗರದಲ್ಲಿ ಅವರು ಸೇರಿದ್ದ ಮನೆಯ ನಂಬರ್ 1890. ಒಬ್ಬರ ಕೆಲಸ ಇನ್ನೊಬ್ಬರ ಹಾಗೆ ಇರಲಿಲ್ಲ. ಆದರೆ ಕಲೆಯ ಬಗ್ಗೆ ಜಗಳ ಆಡಿ, ಚರ್ಚೆ ಮಾಡಿ, ಒಂದು ಪ್ರಣಾಳಿಕೆ ಬರೆದಿದ್ದರು. ಅವರ ಪ್ರದರ್ಶನ ಅದೊಂದೇ, ಆಮೇಲೆ ಗುಂಪು ಚದುರಿತು. ಇವತ್ತಿಗೂ ಜನ ಅದರ ಬಗ್ಗೆ ಬರೆಯುತ್ತಾರೆ. ನೀವೂ ಮೊದಲು ಆರಿಸಿ. ಆರಿಸಿದ್ದನ್ನೆಲ್ಲ ಥರ್ಮೋಕೋಲ್ ಗೋಡೆಯ ಮೇಲೆ ನೋಡಿದಾಗ ಏನೋ ಒಂದು ಎಳೆ ಕಾಣುತ್ತದೆ. ಕಪ್ಪು ಮಣ್ಣಿನ ಬಣ್ಣವೋ, ಖಾಲಿ ಬಿಟ್ಟ ಜಾಗವೋ. ಹೆಸರು ಅಲ್ಲಿಂದ ಹುಟ್ಟಲಿ. ಬಣ್ಣಗಳ ಹಬ್ಬ, ವರ್ಣ ವೈಭವ ಇಂಥವು ಯಾವ ಪ್ರದರ್ಶನಕ್ಕೂ ಆಗುತ್ತವೆ, ಆದ್ದರಿಂದ ನಿಮ್ಮದಕ್ಕೆ ಬೇಡ.

ಗುರುಗಳ ಕೃತಿ ಸೇರಿಸುವ ಬಗ್ಗೆ. 1874ರಲ್ಲಿ ಪ್ಯಾರಿಸ್ಸಿನಲ್ಲಿ ಮೋನೆ, ರೆನ್ವಾ, ಪಿಸಾರೊ ಮೊದಲಾದ ಚಿತ್ರಕಾರರು ಫೋಟೊಗ್ರಾಫರ್ ನದಾರನ ಹಳೆಯ ಸ್ಟುಡಿಯೊದಲ್ಲಿ ತಮ್ಮದೇ ಪ್ರದರ್ಶನ ಮಾಡಿದಾಗಲೂ ಇದೇ ಚರ್ಚೆ ಬಂದಿತ್ತು. ಅವರಲ್ಲೊಬ್ಬರಾದ ಡೆಗಾ ಅವರ ಹಟ ಏನೆಂದರೆ, ‘ಸಲೋನ್’ ಅನ್ನುವ ಸರ್ಕಾರಿ ಕಲಾಪ್ರದರ್ಶನದಲ್ಲಿ ಹೆಸರು ಮಾಡಿದವರನ್ನೂ ಸೇರಿಸಿಕೊಳ್ಳೋಣ, ಇಲ್ಲದಿದ್ದರೆ ಇದು ಸಲೋನಿನಲ್ಲಿ ತಿರಸ್ಕೃತರಾದವರ ಕೂಟ ಅಂತ ಜನ ಅಂದುಕೊಳ್ಳುತ್ತಾರೆ. ಕೊನೆಗೆ 30 ಜನ ಸೇರಿದರು, 165ರಷ್ಟು ಕೃತಿಗಳು. ಅದರಲ್ಲಿ ಇವತ್ತು ನಮಗೆ ಹೆಸರು ಗೊತ್ತಿರುವವರು ಏಳೆಂಟು ಜನ. ಹಿರಿಯ ಹೆಸರಿನ ಆಸರೆಗಾಗಿ ಸೇರಿಸಿಕೊಂಡರೆ ಫಲ ಅಷ್ಟಕ್ಕಷ್ಟೇ. ಗುರುಗಳ ಮೇಲಿನ ಪ್ರೀತಿಗೆ ಸೇರಿಸುವುದಾದರೆ ಒಂದೇ ಕೃತಿ, ಪ್ರವೇಶದ ಬಳಿ, ಪ್ರತ್ಯೇಕವಾಗಿ. ನಡುವೆ ಇಟ್ಟರೆ ಆ ಗೋಡೆಯ ಕೃತಿಗಳನ್ನು ಜನ ಅವರ ಜೊತೆ ಹೋಲಿಸಿಯೇ ನೋಡುತ್ತಾರೆ. ಅವರನ್ನೇ ಹೊರಗಿನ ಆಯ್ಕೆಗಾರರನ್ನಾಗಿ ಮಾತ್ರ ಮಾಡಬೇಡಿ. ಗುರುಗಳು ಬೇಡ ಅಂದರೆ ಯಾರೂ ಎದುರು ಮಾತಾಡುವುದಿಲ್ಲ, ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾರೆ.

ಮುಗಿಯದ ಕೃತಿಯನ್ನು ಆರಿಸಬೇಡಿ. ‘ಶೋ ಹೊತ್ತಿಗೆ ಮುಗಿಸ್ತೀನಿ’ ಅನ್ನುವ ಮಾತು ನಂಬಿ ಜಾಗ ಇಟ್ಟರೆ ಬರುವುದು ಬೇರೆಯೇ ಚಿತ್ರ. ದಪ್ಪ ತೈಲವರ್ಣವಾದರೆ ಒಣಗಲು ತಿಂಗಳುಗಳೇ ಬೇಕು, ಹಸಿ ಚಿತ್ರವನ್ನು ಹುಬ್ಬಳ್ಳಿಯಿಂದ ಲಾರಿಯಲ್ಲಿ ತರುವ ಸಾಹಸ ಯಾಕೆ? ಒಣಗಿದ್ದನ್ನು ತರುವಾಗಲೂ ಬಬಲ್ ರ್‍ಯಾಪ್ ನೇರವಾಗಿ ಬಣ್ಣಕ್ಕೆ ತಾಗಬಾರದು, ಸೆಕೆಗೆ ಗುಳ್ಳೆಗಳ ಅಚ್ಚು ಕೂರುತ್ತದೆ. ಮೊದಲು ಗ್ಲಾಸಿನ್ ಅನ್ನುವ ನುಣುಪು ಕಾಗದ, ಅದರ ಮೇಲೆ ಬಬಲ್. ಮತ್ತೆ, ‘ಇರಲಿ ನೋಡೋಣ’ ಅಂತ ಪಟ್ಟಿಯಲ್ಲಿ ಇಲ್ಲದ ಕೃತಿಗಳನ್ನು ಗಾಡಿಗೆ ಹಾಕಿಸಬೇಡಿ. ಗ್ಯಾಲರಿಗೆ ಬಂದ ಚಿತ್ರ ಹೇಗಾದರೂ ಮಾಡಿ ಗೋಡೆ ಹತ್ತುತ್ತದೆ.

‘ಬೇಡ’ ಅನ್ನುವುದನ್ನು ಗ್ರೂಪಿನಲ್ಲಿ ಮೆಸೇಜ್ ಹಾಕಿ ಹೇಳಬೇಡಿ. ತಂಡದ ಒಬ್ಬರು ಅವರ ಮನೆಗೆ ಹೋಗಿ ಥರ್ಮೋಕೋಲ್ ಗೋಡೆ ಮುಂದಿಟ್ಟು ತೋರಿಸಲಿ. ಅವರ ಚಿತ್ರದ ಪ್ರಿಂಟ್ ಕೈಗೆ ಕೊಟ್ಟು, ಇದನ್ನು ಎಲ್ಲಿ ಇಡೋಣ, ನೀವೇ ಹೇಳಿ ಅನ್ನಿ. ಅರ್ಧ ಜನ ತಾವೇ ಅದನ್ನು ಪಕ್ಕಕ್ಕಿಡುತ್ತಾರೆ. ಇನ್ನರ್ಧ ಜನ ನಿಮಗೆ ಹೊಳೆಯದ ಒಂದು ಜಾಗ ತೋರಿಸುತ್ತಾರೆ, ಅದೂ ಲಾಭವೇ. ಚಿತ್ರ ಚೆನ್ನಾಗಿಲ್ಲ ಅನ್ನಬೇಡಿ. ಈ ಗೋಡೆಯಲ್ಲಿ ಅದಕ್ಕೆ ಪಕ್ಕದವರು ಸಿಗಲಿಲ್ಲ ಅನ್ನಿ, ಬಹಳ ಸಲ ಅದು ನಿಜವೂ ಹೌದು. ಇದೆಲ್ಲ ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲೇ ಆಗಲಿ.

ಅಷ್ಟಾದರೂ ಯಾರಾದರೂ ನಿಯಮಕ್ಕೆ ಒಪ್ಪುವುದಿಲ್ಲ ಅಂದರೆ, ಅವರು ಕೊಟ್ಟ ಬಾಡಿಗೆಯ ಪಾಲನ್ನು ಪೂರ್ತಿ ವಾಪಸ್ ಕೊಟ್ಟು ಈ ಸಲಕ್ಕೆ ಬಿಟ್ಟುಬಿಡಿ. ಆ ಖರ್ಚಿನ ಹೊರೆಯನ್ನು ಉಳಿದ ಎಂಟು ಜನ ಹಂಚಿಕೊಳ್ಳಿ, 11 ಅಡಿಯ ಲೆಕ್ಕವನ್ನೂ ಹೊಸದಾಗಿ ಹಾಕಿಕೊಳ್ಳಿ. ಮೊದಲ ತಿಂಗಳು ಮುಗಿಯುವ ಮೊದಲೇ ಈ ಮಾತು ಆಗಿಬಿಡಬೇಕು, ಫ್ರೇಮಿನವರಿಗೇ ಮೂರು ನಾಲ್ಕು ವಾರ ಬೇಕಾಗುತ್ತದೆ.